ಇನ್ನೊಂದು ಮೀಡಿಯಾ ಪ್ಲೇಯರ್ ಬೇಕೇ? ಮೊದಲು ಫೈಲ್ ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ

ಕಂಪ್ಯೂಟರ್‌ನಲ್ಲಿ ಆಗಲೇ ಒಂದು ಮೀಡಿಯಾ ಪ್ಲೇಯರ್ ಇದೆ. ಇನ್ನೊಂದನ್ನು ಹಾಕಿಕೊಳ್ಳಬೇಕೇ ಎಂದು ಯಾರನ್ನೇ ಕೇಳಿದರೂ “ವಿಎಲ್‌ಸಿ ಹಾಕಿಬಿಡಿ” ಎಂಬ ಉತ್ತರ ಥಟ್ಟನೆ ಬರುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ಆ ಮಾತು ನೂರಕ್ಕೆ ನೂರು ಸರಿ. ಆಗ ಒಂದು ಡಿವ್ಎಕ್ಸ್ ಫೈಲ್ ತೆರೆಯಬೇಕಾದರೂ ಅಡಕವಾಗಿರುವ ವಿಡಿಯೊ, ಆಡಿಯೊವನ್ನು ಬಿಚ್ಚುವ ಕೋಡೆಕ್ ಎಂಬ ಭಾಗವನ್ನು ಹೊರಗಿನಿಂದ ತರಬೇಕಿತ್ತು. 2009ರ ವಿಂಡೋಸ್ 7 ಬಂದ ಮೇಲೆ ಎಚ್.264 ವಿಡಿಯೊ, ಎಎಸಿ ಆಡಿಯೊ ತಾವಾಗಿಯೇ ಓಡತೊಡಗಿದವು. 2015ರ ವಿಂಡೋಸ್ 10 ಎಂಕೆವಿ ಮತ್ತು ಫ್ಲ್ಯಾಕ್ ಫೈಲ್‌ಗಳನ್ನೂ ತೆರೆಯಿತು. ಹಾಗಾಗಿ ಈಗ ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ನೀವು ನೋಡುವುದೆಲ್ಲ ಬ್ರೌಸರ್‌ನಲ್ಲೇ ಇದ್ದರೆ, ಅಥವಾ ನಿಮ್ಮ ಬಳಿ ಇರುವುದು ಸಾಮಾನ್ಯ ಎಂಪಿ4, ಎಂಪಿ3 ಫೈಲ್‌ಗಳೇ ಆದರೆ, ಏನನ್ನೂ ಹಾಕಬೇಡಿ. ಬೇರೆ ಬೇರೆ ಕಡೆಯಿಂದ ಬರುವ ಎಂಕೆವಿ, ಹಳೆಯ ಎವಿಐ, ಕ್ಯಾಮ್‌ಕಾರ್ಡರ್ ಫೈಲ್, ಡಿವಿಡಿ, ಸಬ್‌ಟೈಟಲ್ ಇವುಗಳ ಜೊತೆ ದಿನನಿತ್ಯ ಒಡನಾಟ ಇದ್ದರೆ ಒಂದು ಪ್ಲೇಯರ್ ಹಾಕಿ, ಒಂದೇ ಒಂದು. ಹಲವು ಕೋಡೆಕ್‌ಗಳನ್ನು ಒಟ್ಟಿಗೆ ತುಂಬುವ ಕೋಡೆಕ್ ಪ್ಯಾಕ್‌ಗಳ ತಂಟೆಗೆ ಮಾತ್ರ ಹೋಗಬೇಡಿ.

ಫೈಲ್ ಯಾಕೆ ಓಡುತ್ತಿಲ್ಲ?

ಫೈಲ್ ಹೆಸರಿನ ಕೊನೆಯಲ್ಲಿ ಎಂಪಿ4 ಅಥವಾ ಎಂಕೆವಿ ಎಂದಿರುವುದು ಡಬ್ಬಿಯ ಹೆಸರು ಮಾತ್ರ. ಒಳಗೆ ವಿಡಿಯೊ ಒಂದು ಬಗೆಯಲ್ಲಿ, ಆಡಿಯೊ ಇನ್ನೊಂದು ಬಗೆಯಲ್ಲಿ ಅಡಕವಾಗಿರುತ್ತದೆ. ಆ ಬಗೆಗಳೇ ಕೋಡೆಕ್‌ಗಳು. ಒಂದೇ ಫೋಲ್ಡರ್‌ನ ಎರಡು ಎಂಪಿ4 ಫೈಲ್‌ಗಳಲ್ಲಿ ಒಂದು ಓಡಿ ಇನ್ನೊಂದು ಓಡದೇ ಇದ್ದರೆ ಕಾರಣ ಇದೇ. ಚಿತ್ರ ಬರುತ್ತದೆ, ಸದ್ದಿಲ್ಲ ಎಂದರೆ ಆಡಿಯೊ ಕೋಡೆಕ್ ಇಲ್ಲ. ಸದ್ದು ಬರುತ್ತದೆ, ಪರದೆ ಕಪ್ಪು ಎಂದರೆ ವಿಡಿಯೊ ಕೋಡೆಕ್ ಇಲ್ಲ.

ಊಹಿಸುವ ಬದಲು ಒಳಗೆ ಏನಿದೆ ಎಂದು ನೋಡಿಬಿಡುವುದು ಒಳ್ಳೆಯದು. ಮೀಡಿಯಾಇನ್ಫೋ ಎಂಬ ಚಿಕ್ಕ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಫೈಲನ್ನು ಅದರ ಕಿಟಕಿಗೆ ಎಳೆದು ಬಿಟ್ಟರೆ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ನೋಡಬೇಕಾದದ್ದು ಮೂರೇ ಸಾಲು: ವಿಡಿಯೊ ಭಾಗದ ಫಾರ್ಮ್ಯಾಟ್, ಅದರ ಬಿಟ್ ಡೆಪ್ತ್ (ಬಣ್ಣ ಎಷ್ಟು ಸೂಕ್ಷ್ಮ ಎಂಬ ಅಳತೆ), ಆಡಿಯೊ ಭಾಗದ ಫಾರ್ಮ್ಯಾಟ್. ವಿಡಿಯೊ ಎಚ್‌ಇವಿಸಿ, 10 ಬಿಟ್, ಆಡಿಯೊ ಡಿಟಿಎಸ್, 6 ಚಾನೆಲ್ ಎಂದು ಕಂಡರೆ ವಿಂಡೋಸ್ ಜೊತೆಗೆ ಬರುವ ಪ್ಲೇಯರ್ ಎರಡು ಕಡೆಯೂ ಎಡವುವ ಸಾಧ್ಯತೆ ಹೆಚ್ಚು. ಎವಿಸಿ, 8 ಬಿಟ್, ಎಎಸಿ ಎಂದು ಕಂಡೂ ಫೈಲ್ ಓಡುತ್ತಿಲ್ಲವಾದರೆ ದೋಷ ಬಹುಶಃ ಪ್ಲೇಯರ್‌ನದಲ್ಲ, ಫೈಲ್‌ನದು. ಪಟ್ಟಿಯಲ್ಲಿ ಎವಿಸಿ ಎಂದರೆ ಎಚ್.264, ಎಚ್‌ಇವಿಸಿ ಎಂದರೆ ಎಚ್.265. ಎರಡು ಹೆಸರೂ ಬಳಕೆಯಲ್ಲಿವೆ, ಗೊಂದಲ ಬೇಡ.

ಮೀಡಿಯಾಇನ್ಫೋ ಹಾಕುವ ಮನಸ್ಸೂ ಇಲ್ಲದಿದ್ದರೆ ಎಂಪಿ4 ಅಥವಾ ವೆಬ್‌ಎಂ ಫೈಲನ್ನು ಕ್ರೋಮ್ ಅಥವಾ ಫೈರ್‌ಫಾಕ್ಸ್‌ನ ಖಾಲಿ ಟ್ಯಾಬ್‌ಗೆ ಎಳೆದು ಬಿಡಿ. ಬ್ರೌಸರ್‌ನಲ್ಲಿ ಸರಾಗವಾಗಿ ಓಡಿದರೆ ಫೈಲ್ ಸರಿಯಿದೆ ಎಂದು ತಿಳಿಯಿತು.

ಯಾವ ಪ್ಲೇಯರ್ ಹಾಕಿದರೂ ಸರಿಹೋಗದ ಕೇಸುಗಳೂ ಇವೆ. ರೆಕಾರ್ಡಿಂಗ್ ನಡುವೆ ಫೋನ್ ಅಥವಾ ಕ್ಯಾಮೆರಾದ ಬ್ಯಾಟರಿ ಹೋಗಿ ಅರ್ಧಕ್ಕೆ ನಿಂತ ಎಂಪಿ4 ಅಂಥದ್ದು. ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದಾಗ ಬರೆಯಲಾಗುತ್ತದೆ. ಅದನ್ನು ಬರೆಯುವ ಮೊದಲೇ ಕರೆಂಟ್ ಹೋದರೆ ಗಾತ್ರ ಒಂದು ಜಿಬಿ ಇದ್ದರೂ ಫೈಲ್ ತೆರೆಯುವುದಿಲ್ಲ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಟ್ಟರೆ ಸೂಚಿಯನ್ನು ಮತ್ತೆ ಕಟ್ಟುವ ರಿಪೇರಿ ತಂತ್ರಾಂಶಗಳಿವೆ. ಹುಡುಕಬೇಕಾದದ್ದು ಅವನ್ನು, ಪ್ಲೇಯರ್ ಅನ್ನಲ್ಲ. ಎಂಕೆವಿ ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನ ಭಾಗ ಓಡುತ್ತದೆ. ಪರದೆ ರೆಕಾರ್ಡ್ ಮಾಡುವವರು ಎಂಕೆವಿಯನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ.

ಹಾಗೆಯೇ, ಚಂದಾ ಕಟ್ಟಿ ನೋಡುವ ಸ್ಟ್ರೀಮಿಂಗ್ ಸೇವೆಗಳ ವಿಡಿಯೊ ಬೀಗ ಹಾಕಿದ ರೂಪದಲ್ಲಿ ಬರುತ್ತದೆ. ಅದು ತೆರೆಯುವುದು ಅವರ ಆ್ಯಪ್ ಅಥವಾ ಬ್ರೌಸರ್‌ನಲ್ಲಿ ಮಾತ್ರ. ಅಲ್ಲಿನ ಚಿತ್ರ ಮಸುಕಾಗಿದೆ, ತಡೆತಡೆದು ಓಡುತ್ತಿದೆ ಎಂದು ಹೊಸ ಪ್ಲೇಯರ್ ಹಾಕಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ.

ಪ್ಲೇಯರ್ ಬದಲು ಒಂದು ಎಕ್ಸ್‌ಟೆನ್ಶನ್ ಸಾಕಾಗಬಹುದು

ಬಹಳ ಜನ ಕೈಬಿಡುವ ದಾರಿ ಇದು. ಐಫೋನ್‌ಗಳು 2017ರ ಐಓಎಸ್ 11ರಿಂದ ವಿಡಿಯೊವನ್ನು ಎಚ್‌ಇವಿಸಿ ರೂಪದಲ್ಲಿ ಉಳಿಸತೊಡಗಿದವು. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಆ ಆಯ್ಕೆ ಇದೆ. ಅಂಥ ಫೈಲನ್ನು ವಿಂಡೋಸ್‌ಗೆ ತಂದಾಗ ಸದ್ದು ಮಾತ್ರ ಕೇಳಿಸಿ ಪರದೆ ಕಪ್ಪಾಗಿದ್ದರೆ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಶನ್ ಸಿಗುತ್ತದೆ. ಅದಕ್ಕೆ ಚಿಕ್ಕ ಮೊತ್ತ ಕೊಡಬೇಕು. ಕೆಲವು ತಯಾರಕರು ಕಂಪ್ಯೂಟರ್ ಜೊತೆಗೇ ಅದನ್ನು ಕೊಟ್ಟಿರುತ್ತಾರೆ, ಹಾಗಾಗಿ ಹಣ ಕೊಡುವ ಮುನ್ನ ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿ ನೋಡಿ. ಎವಿ1 ಎಂಬ ಇನ್ನೊಂದು ವಿಡಿಯೊ ಕೋಡೆಕ್‌ನ ಎಕ್ಸ್‌ಟೆನ್ಶನ್ ಉಚಿತ.

ಉಚಿತ ವಿಎಲ್‌ಸಿ ಇರುವಾಗ ಹಣ ಯಾಕೆ ಕೊಡಬೇಕು ಎಂದು ಕೇಳಬಹುದು. ವಿಎಲ್‌ಸಿ ಹಾಕಿದರೆ ಆ ಫೈಲ್ ವಿಎಲ್‌ಸಿಯೊಳಗೆ ಮಾತ್ರ ಓಡುತ್ತದೆ. ವಿಎಲ್‌ಸಿ ತನ್ನ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಬೇರೆ ತಂತ್ರಾಂಶಗಳಿಗೆ ಕೊಡುವುದಿಲ್ಲ. ಎಕ್ಸ್‌ಟೆನ್ಶನ್ ವಿಂಡೋಸ್‌ನ ಒಳಕ್ಕೇ ಸೇರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ಚಿಕ್ಕ ಚಿತ್ರಗಳು, ಫೋಟೋಸ್ ಆ್ಯಪ್, ಮೀಡಿಯಾ ಪ್ಲೇಯರ್ ಎಲ್ಲಕ್ಕೂ ಅದು ದಕ್ಕುತ್ತದೆ. ಫೋನ್‌ನ ವಿಡಿಯೊಗಳನ್ನು ಫೋಲ್ಡರ್‌ನಲ್ಲಿ ಕಣ್ಣಾಡಿಸಿ ಆರಿಸುವವರಿಗೆ ಎಕ್ಸ್‌ಟೆನ್ಶನ್ನೇ ಸರಿ. ಯಾವಾಗಲೋ ಒಂದು ಫೈಲ್ ನೋಡುವವರಿಗೆ ವಿಎಲ್‌ಸಿ ಸಾಕು.

ಒಂದು ಹೊಸ ತೊಡಕನ್ನೂ ಗಮನಿಸಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದ ಕಂಪ್ಯೂಟರ್‌ಗಳಲ್ಲಿ ಡಾಲ್ಬಿ ಡಿಜಿಟಲ್, ಅಂದರೆ ಎಸಿ-3 ಆಡಿಯೊ ಕೋಡೆಕ್ ಜೊತೆಗೆ ಬರುವುದಿಲ್ಲ. ಹಳೆಯ ಕಂಪ್ಯೂಟರ್‌ನಲ್ಲಿ ಸದ್ದು ಸಮೇತ ಓಡುತ್ತಿದ್ದ ಅದೇ ಎಂಕೆವಿ ಹೊಸದರಲ್ಲಿ ಮೂಕವಾಗಿದ್ದರೆ ಸ್ಪೀಕರ್ ಡ್ರೈವರ್ ಬದಲಿಸುತ್ತಾ ಕೂರಬೇಡಿ. ಮೀಡಿಯಾಇನ್ಫೋದಲ್ಲಿ ಆಡಿಯೊ ಸಾಲು ನೋಡಿ.

ಮ್ಯಾಕ್‌ನಲ್ಲಿ ಕ್ವಿಕ್‌ಟೈಮ್ ಪ್ಲೇಯರ್ ಎಚ್.264, ಎಚ್‌ಇವಿಸಿ ಎರಡನ್ನೂ ಚೆನ್ನಾಗಿ ಓಡಿಸುತ್ತದೆ, ಎಂಕೆವಿಯನ್ನು ಮಾತ್ರ ತೆರೆಯುವುದೇ ಇಲ್ಲ. ಅಲ್ಲಿ ಎಂಕೆವಿ ಬಂದ ದಿನವೇ ಹೊರಗಿನ ಪ್ಲೇಯರ್ ಬೇಕಾಗುತ್ತದೆ. ಲಿನಕ್ಸ್‌ನ ಹಲವು ವಿತರಣೆಗಳು ಪೇಟೆಂಟ್ ಕಾರಣಕ್ಕೆ ಕೆಲವು ಕೋಡೆಕ್‌ಗಳನ್ನು ಬೇರೆಯಾಗಿ ಇಟ್ಟಿರುತ್ತವೆ. ಉಬುಂಟು ಇನ್‌ಸ್ಟಾಲ್ ಮಾಡುವಾಗ ಹೆಚ್ಚುವರಿ ಮೀಡಿಯಾ ಫಾರ್ಮ್ಯಾಟ್‌ಗಳ ಚೌಕಕ್ಕೆ ಗುರುತು ಹಾಕಿದ್ದರೆ ಬಹುತೇಕ ತೊಂದರೆ ಅಲ್ಲಿಗೇ ತೀರುತ್ತದೆ.

ವಿಎಲ್‌ಸಿ: ಒಂದೇ ಹಾಕುವುದಾದರೆ ಇದು

1996ರಲ್ಲಿ ಪ್ಯಾರಿಸ್‌ನ ಎಕೋಲ್ ಸಾಂತ್ರಾಲ್ ವಿದ್ಯಾರ್ಥಿಗಳ ಕಾಲೇಜು ಯೋಜನೆಯಾಗಿ ಶುರುವಾಗಿ, 2001ರಲ್ಲಿ ಮುಕ್ತ ತಂತ್ರಾಂಶವಾದ ವಿಎಲ್‌ಸಿಯನ್ನು ಈಗ ವಿಡಿಯೊಲ್ಯಾನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತದೆ. ಜಾಹೀರಾತು ಇಲ್ಲ, ಖಾತೆ ತೆರೆಯಿರಿ ಎಂಬ ಒತ್ತಾಯ ಇಲ್ಲ. ಇಷ್ಟು ವರ್ಷ ಹೀಗೆಯೇ ಉಳಿದಿರುವುದಕ್ಕೆ ನಾವು ಅದನ್ನು ಮನಸಾರೆ ಮೆಚ್ಚುತ್ತೇವೆ.

ಡೌನ್‌ಲೋಡ್ ಮಾಡುವಾಗ ಎಚ್ಚರ ಬೇಕು. ವಿಎಲ್‌ಸಿ ಹೆಸರು ಹೊತ್ತ ನಕಲಿ ತಾಣಗಳು ಬಹಳ ಇವೆ, ಹುಡುಕಾಟದ ಜಾಹೀರಾತು ಸಾಲಿನಲ್ಲೂ ಬರುತ್ತವೆ. ವಿಡಿಯೊಲ್ಯಾನ್ ಡಾಟ್ ಆರ್ಗ್ ಎಂಬ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. 64 ಬಿಟ್ ಇನ್‌ಸ್ಟಾಲರ್ ಸುಮಾರು 40ರಿಂದ 45 ಎಂಬಿ. ಇಳಿಸಿದ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ತೆರೆಯಿರಿ. ಸಹಿ ವಿಡಿಯೊಲ್ಯಾನ್ ಹೆಸರಿನಲ್ಲಿ ಇರಬೇಕು. ಆ ಟ್ಯಾಬೇ ಇಲ್ಲದಿದ್ದರೆ ಫೈಲನ್ನು ಅಳಿಸಿ.

ಇನ್‌ಸ್ಟಾಲ್ ಮಾಡುವಾಗ ಘಟಕಗಳ ಪಟ್ಟಿಯೊಂದು ಬರುತ್ತದೆ. ಕಣ್ಣು ಮುಚ್ಚಿ ಮುಂದೆ ಹೋಗದೆ ಅದರಲ್ಲಿ ವೆಬ್ ಪ್ಲಗಿನ್‌ಗಳ ಗುರುತು ತೆಗೆಯಿರಿ. ಇಂದಿನ ಬ್ರೌಸರ್‌ಗಳಿಗೆ ಅವು ಬೇಕಿಲ್ಲ. ಡಿಸ್ಕ್ ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಪ್ಲೇಬ್ಯಾಕ್ ಕೂಡ ಬೇಡ. ಮೊದಲ ಸಲ ತೆರೆದಾಗ, ಫೈಲ್‌ಗಳ ವಿವರವನ್ನು ಇಂಟರ್ನೆಟ್‌ನಿಂದ ತರಬಹುದೇ ಎಂದು ಕೇಳುತ್ತದೆ. ನಿಮ್ಮದೇ ವಿಡಿಯೊಗಳಿಗೆ ಅದರ ಅಗತ್ಯವಿಲ್ಲ, ಗುರುತು ತೆಗೆಯಬಹುದು. ಪಕ್ಕದ ಅಪ್‌ಡೇಟ್ ಪರೀಕ್ಷೆಯ ಗುರುತನ್ನು ಮಾತ್ರ ತೆಗೆಯಬೇಡಿ. ಆಫೀಸ್ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಅನುಮತಿ ಇಲ್ಲದಿದ್ದರೆ ಅದೇ ತಾಣದ ಜಿಪ್ ಆವೃತ್ತಿಯನ್ನು ಬಿಚ್ಚಿ ಓಡಿಸಬಹುದು. ಆಫೀಸಿನ ನಿಯಮ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ಕೇಳಿ.

ಎಂಕೆವಿ, ಎವಿಐ, ಎಫ್‌ಎಲ್‌ವಿ, ಎಂಟಿಎಸ್, ಓಜಿಜಿ ಎಲ್ಲವನ್ನೂ ವಿಎಲ್‌ಸಿ ತಕರಾರಿಲ್ಲದೆ ತೆರೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ದಿನವೂ ಕೈಹಿಡಿಯುವುದು ಅದರ ಚಿಕ್ಕ ಚಿಕ್ಕ ಕೀಲಿಗಳು. ಬ್ಲೂಟೂತ್ ಹೆಡ್‌ಫೋನ್ ಹಾಕಿದಾಗ ತುಟಿ ಅಲುಗಾಡಿದ ಮೇಲೆ ಮಾತು ಕೇಳಿಸುತ್ತದೆಯೇ? ಜೆ ಕೀ ಒತ್ತಿ. ಪ್ರತಿ ಒತ್ತಿಗೂ ಆಡಿಯೊ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ. ನಾಲ್ಕು ಸಲ ಒತ್ತಿದರೆ 200 ಮಿಲಿಸೆಕೆಂಡ್ ಸರಿದೂಗುತ್ತದೆ, ಸಾಮಾನ್ಯ ಹೆಡ್‌ಫೋನ್‌ಗೆ ಅಷ್ಟು ಸಾಕಾಗುತ್ತದೆ. ಹೆಚ್ಚಾಯಿತೆಂದರೆ ಕೆ ಕೀ ಒತ್ತಿ ಹಿಂದಕ್ಕೆ ತನ್ನಿ. ಸಬ್‌ಟೈಟಲ್‌ಗೆ ಇದೇ ಕೆಲಸ ಮಾಡುವುದು ಜಿ ಮತ್ತು ಎಚ್: ತಡವಾಗಿ ಬರುತ್ತಿದ್ದರೆ ಜಿ, ಬೇಗ ಬರುತ್ತಿದ್ದರೆ ಎಚ್.

ಸಬ್‌ಟೈಟಲ್ ಮೊದಲು ಸರಿಯಾಗಿದ್ದು ಬರಬರುತ್ತಾ ದೂರ ಸರಿಯುತ್ತಿದ್ದರೆ ಜಿ, ಎಚ್ ಒತ್ತಿ ಪ್ರಯೋಜನವಿಲ್ಲ. ಅದು ಫ್ರೇಮ್ ವೇಗದ ತಾಳಮೇಳ ತಪ್ಪಿರುವ ಲಕ್ಷಣ. ಸೆಕೆಂಡಿಗೆ 23.976 ಫ್ರೇಮ್ ವಿಡಿಯೊಗೆ ಮಾಡಿದ ಸಬ್‌ಟೈಟಲನ್ನು 25 ಫ್ರೇಮ್ ವಿಡಿಯೊಗೆ ಹಾಕಿದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಸುಮಾರು ಎರಡೂವರೆ ನಿಮಿಷ ವ್ಯತ್ಯಾಸ ಬಂದಿರುತ್ತದೆ. ಟೂಲ್ಸ್ ಮೆನುವಿನ ಟ್ರ್ಯಾಕ್ ಸಿಂಕ್ರೊನೈಸೇಶನ್‌ನಲ್ಲಿ ಸಬ್‌ಟೈಟಲ್ ವೇಗವನ್ನು ಬದಲಿಸಿ ನೋಡಬಹುದು. ಆದರೆ ಆ ವಿಡಿಯೊಗೇ ಹೊಂದುವ ಬೇರೆ ಸಬ್‌ಟೈಟಲ್ ಹುಡುಕುವುದೇ ಹೆಚ್ಚು ಸುಲಭ.

ಕನ್ನಡ ಸಬ್‌ಟೈಟಲ್ ಹಾಕುವವರಿಗೆ ಇನ್ನೂ ಎರಡು ಮಾತು. ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಂಡರೆ ಎನ್‌ಕೋಡಿಂಗ್ ತಪ್ಪಿದೆ ಎಂದರ್ಥ. ಸಬ್‌ಟೈಟಲ್‌ನ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಸೇವ್ ಆ್ಯಸ್ ಕೊಟ್ಟು ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಆರಿಸಿ ಉಳಿಸಿ. ಚಿಹ್ನೆಗಳ ಬದಲು ಖಾಲಿ ಚೌಕಗಳು ಕಂಡರೆ ಫಾಂಟ್‌ನಲ್ಲಿ ಕನ್ನಡ ಇಲ್ಲ ಎಂದರ್ಥ. ಪ್ರಿಫರೆನ್ಸಸ್‌ನ ಸಬ್‌ಟೈಟಲ್ಸ್ ಭಾಗದಲ್ಲಿ ಫಾಂಟ್ ಬದಲಿಸಿ ನಿರ್ಮಲ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಆರಿಸಿ. ಆರಿಸಿದ ಮೇಲೆ “ಸ್ತ್ರೀ”, “ರಾಷ್ಟ್ರ” ಇಂಥ ಒತ್ತಕ್ಷರದ ಪದಗಳಿರುವ ಒಂದು ಸಾಲನ್ನು ಓಡಿಸಿ ನೋಡಿ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಬಿಡಿಯಾಗಿ ನಿಂತಿದ್ದರೆ ನಿಮ್ಮ ವಿಎಲ್‌ಸಿ ಹಳೆಯದು, ಹೊಸದನ್ನು ಹಾಕಿ.

ಕ್ಯಾಮ್‌ಕಾರ್ಡರ್‌ನ ಎಂಟಿಎಸ್ ಫೈಲ್ ಅಥವಾ ಹಳೆಯ ಟಿವಿ ರೆಕಾರ್ಡಿಂಗ್‌ನಲ್ಲಿ ಯಾರಾದರೂ ಕೈ ಬೀಸಿದಾಗ ಕೈಯ ಅಂಚು ಅಡ್ಡಗೆರೆಗಳಾಗಿ ಸೀಳಿಹೋದಂತೆ ಕಾಣುತ್ತದೆ. ಇಂಟರ್‌ಲೇಸ್ ವಿಡಿಯೊ ಎಂದರೆ ಹೀಗೆಯೇ. ಒಂದು ಫ್ರೇಮ್‌ನ ಸಮ ಸಾಲುಗಳು ಒಂದು ಕ್ಷಣದವು, ಬೆಸ ಸಾಲುಗಳು ಮರುಕ್ಷಣದವು. ಡಿ ಕೀ ಒತ್ತಿದರೆ ಡೀಇಂಟರ್‌ಲೇಸ್ ಶುರುವಾಗುತ್ತದೆ. ವಿಡಿಯೊ ಮೆನುವಿನ ಡೀಇಂಟರ್‌ಲೇಸ್ ಮೋಡ್‌ನಲ್ಲಿ ಯಾಡಿಫ್ ಎಂಬ ವಿಧಾನ ಆರಿಸಿದರೆ ಅಂಚು ಚೊಕ್ಕವಾಗಿ ಕೂರುತ್ತದೆ. ಹಳೆಯ ಕೌಟುಂಬಿಕ ರೆಕಾರ್ಡಿಂಗ್ ಇರುವವರು ಈ ಒಂದು ಅನುಕೂಲಕ್ಕಾಗಿಯೇ ಹೊರಗಿನ ಪ್ಲೇಯರ್ ಹಾಕಿದರೂ ನಾವು ತಪ್ಪು ಎನ್ನುವುದಿಲ್ಲ.

ಸಿನಿಮಾದಲ್ಲಿ ಮಾತು ಕೇಳಿಸದಷ್ಟು ಕಡಿಮೆ, ಗುಂಡಿನ ಸದ್ದು ಬಂದಾಗ ಮನೆಯೆಲ್ಲ ಎದ್ದು ಕೂರುವಷ್ಟು ಜೋರು. ಇದೂ ಪದೇ ಪದೇ ಬರುವ ದೂರು. ಆರು ಚಾನೆಲ್‌ಗಳ 5.1 ಆಡಿಯೊದಲ್ಲಿ ಮಾತು ಬಹುಪಾಲು ನಡುವಿನ ಒಂದೇ ಚಾನೆಲ್‌ನಲ್ಲಿ ಇರುತ್ತದೆ. ಲ್ಯಾಪ್‌ಟಾಪ್‌ನ ಎರಡು ಸ್ಪೀಕರ್‌ಗೆ ಎಲ್ಲವನ್ನೂ ಬೆರೆಸಿದಾಗ ಅದು ಮುಳುಗಿಹೋಗುತ್ತದೆ. ವಾಲ್ಯೂಮ್ ಅನ್ನು 125ಕ್ಕೆ ಏರಿಸಿದರೆ ಗುಂಡಿನ ಸದ್ದೂ ಏರುತ್ತದೆ, ಜೊತೆಗೆ ಒಡಕು ಬರುತ್ತದೆ. ಅದರ ಬದಲು ಟೂಲ್ಸ್, ಎಫೆಕ್ಟ್ಸ್ ಆ್ಯಂಡ್ ಫಿಲ್ಟರ್ಸ್, ಆಡಿಯೊ ಎಫೆಕ್ಟ್ಸ್ ದಾರಿಯಲ್ಲಿ ಹೋಗಿ ಕಂಪ್ರೆಸರ್ ಆನ್ ಮಾಡಿ. ಜೋರು ತಗ್ಗಿ, ಮಾತು ಮೇಲೆ ಬರುತ್ತದೆ. ಫೋನ್‌ನಲ್ಲಿ ಅಡ್ಡಾದಿಡ್ಡಿ ಹಿಡಿದು ತೆಗೆದ ವಿಡಿಯೊ ತಿರುಗಿಸಲು ಅದೇ ಕಿಟಕಿಯ ವಿಡಿಯೊ ಎಫೆಕ್ಟ್ಸ್‌ನಲ್ಲಿ ಜಿಯೊಮೆಟ್ರಿ ಎಂಬ ಟ್ಯಾಬ್ ಇದೆ.

ಡಿವಿಡಿ ಓಡಿಸುವ ಸೌಲಭ್ಯವನ್ನು ವಿಂಡೋಸ್ 8ರಿಂದಲೇ ತೆಗೆದುಹಾಕಲಾಗಿದೆ. ವಿಎಲ್‌ಸಿ ಆ ಕೊರತೆ ತುಂಬುತ್ತದೆ. ಅಂಗಡಿಯಲ್ಲಿ ಕೊಂಡ ಬ್ಲೂ-ರೇ ಡಿಸ್ಕ್ ಮಾತ್ರ ಅದರ ಬೀಗದ ಕಾರಣಕ್ಕೆ ನೇರವಾಗಿ ಓಡುವುದಿಲ್ಲ.

ವಿಎಲ್‌ಸಿ ಎಲ್ಲಿ ಸೋಲುತ್ತದೆ

ಹಾಡು ಕೇಳುವುದಕ್ಕೆ ನಾವು ಇದನ್ನು ಶಿಫಾರಸು ಮಾಡುವುದಿಲ್ಲ. 2018ರ ಫೆಬ್ರವರಿಯಲ್ಲಿ ಬಂದ, ಈಗಲೂ ಬಹುತೇಕರ ಬಳಿ ಇರುವ 3.0 ಸರಣಿಯಲ್ಲಿ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಹೋಗುವ ಸೌಲಭ್ಯ ಇಲ್ಲ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಮತ್ತೊಂದು ಟ್ರ್ಯಾಕ್ ಎಂದು ತುಂಡರಿಸಿದ ಕಛೇರಿಯ ರೆಕಾರ್ಡಿಂಗ್ ಕೇಳಿದರೆ ನಡುವಿನ ಆ ಚಿಕ್ಕ ಮೌನ ಕಿವಿಗೆ ಚುಚ್ಚುತ್ತದೆ. ಸಂಗೀತ ಸಂಗ್ರಹ ಇರುವವರಿಗೆ ಫೂಬಾರ್2000 ಸರಿ. ಬಿಡುವಿಲ್ಲದೆ ನುಡಿಸುತ್ತದೆ, ರಿಪ್ಲೇಗೇನ್ ಮೂಲಕ ಹಾಡುಹಾಡಿನ ನಡುವಿನ ಏರುಪೇರು ಸಮ ಮಾಡುತ್ತದೆ, ಕಂಪ್ಯೂಟರ್‌ಗೆ ಭಾರವೂ ಅಲ್ಲ.

ಎಚ್‌ಡಿಆರ್ (ಬೆಳಕು, ನೆರಳಿನ ಹರವು ಹೆಚ್ಚಿರುವ) ವಿಡಿಯೊವನ್ನು ಸಾಮಾನ್ಯ ಪರದೆಯಲ್ಲಿ ತೋರಿಸುವಾಗಲೂ ವಿಎಲ್‌ಸಿಯಲ್ಲಿ ಬಣ್ಣ ಕೆಲವೊಮ್ಮೆ ಮಂಕಾಗಿ, ನೆರಳಿನ ಭಾಗ ಕಪ್ಪಾಗಿ ಕಾಣುತ್ತದೆ. ಅಲ್ಲಿ ಎಂಪಿವಿ ಎಂಬ ಇನ್ನೊಂದು ಪ್ಲೇಯರ್ ಮುಂದಿದೆ.

ಇನ್ನು ತಡೆತಡೆದು ಓಡುವ ಕಾಟ. ಇದರಲ್ಲಿ ಪ್ಲೇಯರ್‌ಗಿಂತ ಯಂತ್ರದ ಪಾತ್ರವೇ ದೊಡ್ಡದು. ವಿಡಿಯೊ ಬಿಚ್ಚುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ನ ಮೀಸಲು ಭಾಗ ಮಾಡಿದರೆ ಅದು ಹಾರ್ಡ್‌ವೇರ್ ಡಿಕೋಡಿಂಗ್, ಪ್ರೊಸೆಸರ್ ತಾನೇ ಮಾಡಿದರೆ ಸಾಫ್ಟ್‌ವೇರ್ ಡಿಕೋಡಿಂಗ್. ಇಂಟೆಲ್‌ನ 6ನೇ ಪೀಳಿಗೆ 8 ಬಿಟ್ ಎಚ್‌ಇವಿಸಿಯನ್ನೂ, 7ನೇ ಪೀಳಿಗೆ 10 ಬಿಟ್ ಎಚ್‌ಇವಿಸಿಯನ್ನೂ ಹಾರ್ಡ್‌ವೇರ್‌ನಲ್ಲಿ ಬಿಚ್ಚುತ್ತವೆ. ಎವಿ1ಗೆ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಚಿಪ್, ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಸರಣಿಯ ಕಾರ್ಡ್‌ಗಳವರೆಗೆ ಕಾಯಬೇಕಾಯಿತು. ಹಳೆಯ ಯಂತ್ರದಲ್ಲಿ 4ಕೆ 10 ಬಿಟ್ ಎಚ್‌ಇವಿಸಿ ಹಾಕಿ ಒಂದರ ಮೇಲೊಂದು ಪ್ಲೇಯರ್ ಬದಲಿಸುತ್ತಾ ಹೋದರೆ ಸಿಗುವುದು ಬಿಸಿಯಾದ ಲ್ಯಾಪ್‌ಟಾಪ್ ಅಷ್ಟೇ. ಅದೇ ವಿಡಿಯೊದ 1080 ಆವೃತ್ತಿ ಹುಡುಕಿ. 10 ಬಿಟ್ ಎಚ್.264 ಇನ್ನೂ ವಿಚಿತ್ರ: ಕೋಡೆಕ್ ಹಳೆಯದಾದರೂ ಬಹುತೇಕ ಚಿಪ್‌ಗಳಲ್ಲಿ ಅದಕ್ಕೆ ಹಾರ್ಡ್‌ವೇರ್ ಬೆಂಬಲವೇ ಇಲ್ಲ, ಹೊಸ ಯಂತ್ರದಲ್ಲೂ ಪ್ರೊಸೆಸರ್ ಮೇಲೆಯೇ ಹೊರೆ ಬೀಳುತ್ತದೆ.

ಯಾವುದು ನಡೆಯುತ್ತಿದೆ ಎಂದು ತಿಳಿಯಲು ವಿಡಿಯೊ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಜಿಪಿಯು ಆರಿಸಿದರೆ ವಿಡಿಯೊ ಡಿಕೋಡ್ ಎಂಬ ಗ್ರಾಫ್ ಕಾಣುತ್ತದೆ. ಆ ಗೆರೆ ಮೇಲೆದ್ದು ಸಿಪಿಯು ತಣ್ಣಗಿದ್ದರೆ ಸರಿ. ಗೆರೆ ಸೊನ್ನೆಯಲ್ಲೇ ಮಲಗಿ ಸಿಪಿಯು ಏರಿದ್ದರೆ ಸಾಫ್ಟ್‌ವೇರ್ ಡಿಕೋಡಿಂಗ್ ನಡೆಯುತ್ತಿದೆ, ಬ್ಯಾಟರಿ ಬೇಗ ಕರಗುತ್ತದೆ. ಆಗ ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್‌ಗೆ ಹೋಗಿ ಹಾರ್ಡ್‌ವೇರ್ ಆ್ಯಕ್ಸಿಲರೇಟೆಡ್ ಡಿಕೋಡಿಂಗ್ ಆಟೊಮ್ಯಾಟಿಕ್‌ನಲ್ಲಿ ಇದೆಯೇ ನೋಡಿ. ತದ್ವಿರುದ್ಧದ ಕೇಸೂ ಇದೆ. ಚಿತ್ರ ಹಸಿರಾಗಿ, ಚೌಕಚೌಕವಾಗಿ ಒಡೆದು ಬರುತ್ತಿದ್ದರೆ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ. ಅದೇ ಆಯ್ಕೆಯನ್ನು ಡಿಸೇಬಲ್ ಮಾಡಿ, ವಿಎಲ್‌ಸಿ ಮುಚ್ಚಿ ತೆರೆಯಿರಿ. ಚಿತ್ರ ಸರಿಹೋದರೆ ಡ್ರೈವರ್ ಅಪ್‌ಡೇಟ್ ಮಾಡಿ, ಆಯ್ಕೆಯನ್ನು ಮತ್ತೆ ಆಟೊಮ್ಯಾಟಿಕ್‌ಗೆ ತನ್ನಿ.

ಫೈಲ್ ಇರುವುದು ವೈಫೈ ಆಚೆಯ ಹಾರ್ಡ್‌ಡಿಸ್ಕ್‌ನಲ್ಲಿ ಆದರೆ ಮೊದಲು ಅದನ್ನು ನಿಮ್ಮ ಕಂಪ್ಯೂಟರ್‌ಗೇ ಕಾಪಿ ಮಾಡಿ ಓಡಿಸಿ. ಸರಾಗವಾಗಿ ಓಡಿದರೆ ತೊಂದರೆ ನೆಟ್‌ವರ್ಕ್‌ನದು. ಪ್ರಿಫರೆನ್ಸಸ್‌ನ ಕೆಳಗೆ ಆಲ್ ಎಂಬುದನ್ನು ಆರಿಸಿ, ಇನ್‌ಪುಟ್/ಕೋಡೆಕ್ಸ್‌ನಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ 1000 ಮಿಲಿಸೆಕೆಂಡ್ ಇರುವುದನ್ನು 3000ಕ್ಕೆ ಏರಿಸಿ ನೋಡಿ.

ಉಳಿದವರು

ಎಂಪಿವಿ ಚಿತ್ರದ ಗುಣಮಟ್ಟದಲ್ಲಿ ನಮಗೆ ಅತ್ಯಂತ ಇಷ್ಟವಾದ ಪ್ಲೇಯರ್. ಎಂಪ್ಲೇಯರ್ ಎಂಬ ಹಳೆಯ ಪ್ಲೇಯರ್‌ನ ಪರಂಪರೆಯಿಂದ ಕವಲೊಡೆದು 2013ರಲ್ಲಿ ಹೊರಬಂತು. ಮೆನು ಎಂದು ಹೇಳಿಕೊಳ್ಳುವಂಥದ್ದು ಇಲ್ಲ, ಸೆಟ್ಟಿಂಗ್‌ಗಳನ್ನು ಒಂದು ಪಠ್ಯ ಫೈಲ್‌ನಲ್ಲಿ ಬರೆದಿಡಬೇಕು. ಕೀಬೋರ್ಡ್ ಬಳಕೆ ಇಷ್ಟಪಡದವರಿಗೆ ಇದನ್ನು ಕೊಡುವುದು ತಪ್ಪು. ಹಾಕಿದವರು ನೆನಪಿಡಬೇಕಾದ್ದು: ಇದು ತಾನಾಗಿ ಸಾಫ್ಟ್‌ವೇರ್ ಡಿಕೋಡಿಂಗ್ ಬಳಸುತ್ತದೆ, ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಹಾರ್ಡ್‌ವೇರ್‌ಗೆ ಬದಲಾಗುತ್ತದೆ. ಐ ಒತ್ತಿದರೆ ಯಾವ ಡಿಕೋಡರ್ ಕೆಲಸ ಮಾಡುತ್ತಿದೆ, ಎಷ್ಟು ಫ್ರೇಮ್ ಬಿಟ್ಟುಹೋಗಿವೆ ಎಂಬ ಲೆಕ್ಕ ಪರದೆ ಮೇಲೆ ಬರುತ್ತದೆ. ತಡೆತಡೆದು ಓಡುವ ಫೈಲಿನ ರೋಗ ಪತ್ತೆಗೆ ಇಷ್ಟು ಸ್ಪಷ್ಟವಾದ ಉಪಕರಣ ಬೇರೆ ಪ್ಲೇಯರ್‌ಗಳಲ್ಲಿ ಅಪರೂಪ. ಮ್ಯಾಕ್‌ನವರು ಎಂಪಿವಿ ಆಧರಿಸಿದ, ಅಂದವಾದ ಮೆನುಗಳಿರುವ ಐಐಎನ್‌ಎ ಹಾಕಿಕೊಳ್ಳಬಹುದು. ಮ್ಯಾಕ್‌ನಲ್ಲಿ ನಮ್ಮ ಮೊದಲ ಆಯ್ಕೆ ವಿಎಲ್‌ಸಿಯಲ್ಲ, ಅದೇ.

ಎಂಪಿಸಿ-ಎಚ್‌ಸಿ ವಿಂಡೋಸ್‌ಗೆ ಮಾತ್ರ. ಚಿಕ್ಕದು, ಚುರುಕು, ಹಳೆಯ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ. ವಿಡಿಯೊ, ಆಡಿಯೊ ಬಿಚ್ಚಲು ಬೇಕಾದ ಎಲ್‌ಎವಿ ಫಿಲ್ಟರ್‌ಗಳು ಅದರೊಳಗೇ ಇವೆ. ಮೂಲ ಯೋಜನೆ 2017ರ 1.7.13 ಆವೃತ್ತಿಗೆ ನಿಂತುಹೋಯಿತು. ಅದನ್ನು ಮುಂದುವರಿಸಿದ 2 ಸರಣಿ ಬೇರೆ ಕಡೆ ಸಿಗುತ್ತದೆ. ಹುಡುಕುವಾಗ ಹಳೆಯದೇ ಮೊದಲು ಎದುರಾಗಬಹುದು, ಆವೃತ್ತಿ ಸಂಖ್ಯೆ ನೋಡಿಯೇ ಇಳಿಸಿ.

ಪಾಟ್‌ಪ್ಲೇಯರ್‌ನಲ್ಲಿ ಇಲ್ಲದ ಸೌಲಭ್ಯ ಇಲ್ಲ. ಆದರೆ ಅದರ ಮೂಲ ಕೋಡ್ ಮುಕ್ತವಲ್ಲ. ಅಷ್ಟೇ ಕೆಲಸ ಮಾಡುವ ಮುಕ್ತ ಪ್ಲೇಯರ್‌ಗಳು ಇರುವಾಗ ನಾವು ಆ ಕಡೆ ಕೈ ತೋರಿಸುವುದಿಲ್ಲ.

ಕೋಡೆಕ್ ಪ್ಯಾಕ್ ಯಾಕೆ ಬೇಡ

ಕೋಡೆಕ್ ಪ್ಯಾಕ್ ವಿಂಡೋಸ್‌ನ ಒಳಕ್ಕೆ ಹತ್ತಾರು ಫಿಲ್ಟರ್‌ಗಳನ್ನು ಸೇರಿಸುತ್ತದೆ. ಒಂದೇ ಬಗೆಯ ಫೈಲಿಗೆ ಎರಡು ಫಿಲ್ಟರ್ ಇದ್ದಾಗ ಯಾವುದು ಮೊದಲು ಎಂಬ ಜಗಳ ಶುರುವಾಗುತ್ತದೆ. ನಿನ್ನೆ ಓಡುತ್ತಿದ್ದ ಫೈಲ್ ಇಂದು ನಿಲ್ಲುತ್ತದೆ, ವಿಡಿಯೊ ಎಡಿಟಿಂಗ್ ತಂತ್ರಾಂಶ ಕಾರಣವಿಲ್ಲದೆ ಮುಚ್ಚಿಕೊಳ್ಳುತ್ತದೆ. ಎರಡು ಪ್ಯಾಕ್ ಒಟ್ಟಿಗೆ ಇದ್ದರಂತೂ ತೊಡಕು ಬಿಡಿಸುವುದೇ ಕಷ್ಟ. ವಿಎಲ್‌ಸಿ, ಎಂಪಿವಿ, ಎಂಪಿಸಿ-ಎಚ್‌ಸಿ ಮೂರೂ ಬೇಕಾದ್ದನ್ನು ತಮ್ಮೊಳಗೇ ಇಟ್ಟುಕೊಂಡಿರುವುದರಿಂದ ಪ್ಯಾಕ್ ಹಾಕುವುದಕ್ಕೆ ಕಾರಣವೇ ಉಳಿದಿಲ್ಲ.

ಇನ್ನೂ ಗಂಭೀರವಾದ ವಿಷಯ: ಯಾವುದೋ ವಿಡಿಯೊ ತೆರೆದ ಕೂಡಲೇ “ಇದನ್ನು ನೋಡಲು ಈ ಕೋಡೆಕ್ ಡೌನ್‌ಲೋಡ್ ಮಾಡಿ” ಎಂದು ಕೊಂಡಿ ಕೊಟ್ಟರೆ ಆ ಫೈಲನ್ನೇ ಅಳಿಸಿ. ಮಾಲ್‌ವೇರ್ ಹರಡುವ ಬಹಳ ಹಳೆಯ ದಾರಿ ಇದು, ಇಂದಿಗೂ ಸವೆದಿಲ್ಲ.

ಹೊರಗಿನಿಂದ ಬಂದ ಫೈಲನ್ನು ಬಿಚ್ಚಿ ಓದುವುದೇ ಮೀಡಿಯಾ ಪ್ಲೇಯರ್ ಕೆಲಸವಾದ್ದರಿಂದ ಅದರಲ್ಲಿ ಭದ್ರತಾ ಲೋಪ ಸಿಗುವುದು ಸಹಜ. 2017ರ ಮೇ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ಬರೀ ಸಬ್‌ಟೈಟಲ್ ಫೈಲ್ ಮೂಲಕ ಕಂಪ್ಯೂಟರ್ ವಶಪಡಿಸಿಕೊಳ್ಳಬಹುದು ಎಂದು ತೋರಿಸಿದರು. ವಿಎಲ್‌ಸಿ, ಕೋಡಿ ಎಂಬ ಮತ್ತೊಂದು ಪ್ಲೇಯರ್ ಎರಡೂ ತೊಂದರೆಗೆ ಸಿಲುಕಿದವುಗಳ ಪಟ್ಟಿಯಲ್ಲಿದ್ದವು, ಎರಡೂ ತಿದ್ದುಪಡಿ ಬಿಡುಗಡೆ ಮಾಡಿದವು. 2016ರಲ್ಲಿ ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ಆಪಲ್ ಬೆಂಬಲ ನಿಲ್ಲಿಸಿದಾಗ ಅದರಲ್ಲಿ ಲೋಪಗಳು ತಿದ್ದದೇ ಉಳಿದಿದ್ದವು, ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ವಿಭಾಗ ಅದನ್ನು ತೆಗೆದುಹಾಕಿ ಎಂದೇ ಹೇಳಿತು. ಇಂದಿಗೂ ಯಾವುದಾದರೂ ಹಳೆಯ ಯಂತ್ರದಲ್ಲಿ ಅದು ಕಂಡರೆ ತೆಗೆದುಬಿಡಿ. ಒಂದೇ ಪ್ಲೇಯರ್ ಹಾಕಿ ಎಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೇ. ನಾಲ್ಕು ಪ್ಲೇಯರ್ ಇದ್ದರೆ ನಾಲ್ಕನ್ನೂ ಅಪ್‌ಡೇಟ್ ಮಾಡುತ್ತಿರಬೇಕು, ಬಳಸದ ಮೂರನ್ನು ಯಾರೂ ಮಾಡುವುದಿಲ್ಲ.

ಹಾಕಿದ ಮೇಲೆ

ಎಲ್ಲ ಫೈಲ್‌ಗಳನ್ನೂ ಹೊಸ ಪ್ಲೇಯರ್‌ಗೆ ವಹಿಸಬೇಕಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ತೆರೆದು, ಮೇಲಿನ ಪೆಟ್ಟಿಗೆಯಲ್ಲಿ ಚುಕ್ಕೆ ಹಾಕಿ ಎಂಕೆವಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಆ ಒಂದು ಬಗೆಗೆ ಮಾತ್ರ ಪ್ಲೇಯರ್ ಆರಿಸಬಹುದು. ಎಂಕೆವಿ, ಎವಿಐ, ಎಂಟಿಎಸ್ ಈ ಮೂರನ್ನು ವಿಎಲ್‌ಸಿಗೆ ಕೊಡಿ. ಎಂಪಿ4, ಎಂಪಿ3 ಮೊದಲಿನಂತೆ ವಿಂಡೋಸ್‌ನ ಮೀಡಿಯಾ ಪ್ಲೇಯರ್ ಬಳಿಯೇ ಇರಲಿ. 2022ರಲ್ಲಿ ಗ್ರೂವ್ ಮ್ಯೂಸಿಕ್ ಜಾಗಕ್ಕೆ ಬಂದ ಆ ಹೊಸ ಪ್ಲೇಯರ್ ಸಾಮಾನ್ಯ ಫೈಲ್‌ಗಳಿಗೆ ನಿಜಕ್ಕೂ ಚೆನ್ನಾಗಿದೆ, ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿ ಬಳಸುವುದರಿಂದ ಬ್ಯಾಟರಿಗೂ ಹಗುರ.

ಹಾಕಿದ ಪ್ಲೇಯರ್ ಹಿಡಿಸದಿದ್ದರೆ ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್‌ನಿಂದ ತೆಗೆಯಿರಿ. ವಿಎಲ್‌ಸಿಯ ಸೆಟ್ಟಿಂಗ್‌ಗಳು ಆ್ಯಪ್‌ಡೇಟಾ ಒಳಗಿನ ರೋಮಿಂಗ್ ಫೋಲ್ಡರ್‌ನಲ್ಲಿ ವಿಎಲ್‌ಸಿ ಹೆಸರಿನಲ್ಲಿ ಉಳಿದಿರುತ್ತವೆ. ಅದನ್ನು ಅಳಿಸದೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಹಿಂದೆ ಕೆಟ್ಟಿದ್ದ ಸೆಟ್ಟಿಂಗೇ ಮರಳಿ ಬರುತ್ತದೆ. “ತೆಗೆದು ಮತ್ತೆ ಹಾಕಿದರೂ ಸರಿಹೋಗಲಿಲ್ಲ” ಎನ್ನುವವರ ಯಂತ್ರದಲ್ಲಿ ಮೊದಲು ಹುಡುಕಬೇಕಾದ ಜಾಗ ಆ ಫೋಲ್ಡರ್. ಹಾಗೆ ನೋಡಿದರೆ ತೆಗೆದು ಮತ್ತೆ ಹಾಕುವ ಅಗತ್ಯವೇ ಇಲ್ಲ, ಪ್ರಿಫರೆನ್ಸಸ್ ಕಿಟಕಿಯ ಕೆಳಗಿರುವ ರಿಸೆಟ್ ಬಟನ್ ಒತ್ತಿದರೆ ಸಾಕು.